ವಿಮಾನ ನಿಲ್ದಾಣಕ್ಕೆ ಮೂರನೇ ಹಂತ, ಕೋಲಾರಕ್ಕೆ ಎರಡೇ ಹಂತ

ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳತ್ತ ಹರಿಯತೊಡಗಿದ್ದು 2018ರ ಜೂನ್‌ನಲ್ಲಿ. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ಮರು ತಿಂಗಳೇ ಅಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಕೆಲ ಕಾಲದ ನಂತರ ಪಂಪುಗಳು ಮತ್ತೆ ಓಡಿದವು. ಈ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಬಗ್ಗೆ ಜಿಲ್ಲೆಯ ಹೋರಾಟಗಾರರು ಅಂದಿನಿಂದ ಕೇಳುತ್ತಿರುವ ಪ್ರಶ್ನೆ ಒಂದೇ: ಈ ನೀರನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿ ಯಾಕೆ ಬಿಡುವುದಿಲ್ಲ? ಸರ್ಕಾರ ಯಾವ ಪಕ್ಷದ್ದೇ ಇರಲಿ, ಬರುವ ಉತ್ತರವೂ ಒಂದೇ: ಅಂತರ್ಜಲ ಮೇಲೆ ಬಂದಿದೆಯಲ್ಲ!

ಬಂದಿದೆ, ನಿಜ. ಅದನ್ನು ಅಲ್ಲಗಳೆಯುವವರು ಕೋಲಾರದ ರೈತನ ಮುಖ ನೋಡಿ ಮಾತಾಡಬೇಕು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ಇದು. ಪಾಲಾರ್ ಹುಟ್ಟುವುದು ಈ ಸೀಮೆಯಲ್ಲೇ ಆದರೂ ಅದು ಹರಿಯುವುದನ್ನು ನೋಡದೆ ಬೆಳೆದ ಮಕ್ಕಳಿದ್ದಾರೆ. ಸಾವಿರ ಅಡಿ, ಸಾವಿರದೈನೂರು ಅಡಿ ಬೋರು ಕೊರೆಸಿ, ಬರೀ ದೂಳು ಎದ್ದದ್ದನ್ನು ಕಂಡು, ಸಾಲದ ಚೀಟಿ ಹಿಡಿದು ಮನೆಗೆ ಬಂದವರು ಊರೂರಲ್ಲಿದ್ದಾರೆ. ಅಂಥವರ ಕೆರೆ ತುಂಬಿ ಕೋಡಿ ಹರಿದರೆ, ಬತ್ತಿದ ಬಾವಿಯಲ್ಲಿ ನೀರು ಮಿನುಗಿದರೆ, ಅದು ಸಣ್ಣ ಮಾತಲ್ಲ. ಆದ್ದರಿಂದ ಈ ಯೋಜನೆ ನಿಲ್ಲಲಿ ಎಂದು ನಾನು ಬರೆಯುತ್ತಿಲ್ಲ. ಪ್ರಮಾಣದ ಲೆಕ್ಕ ತೋರಿಸಿ ಗುಣದ ಪ್ರಶ್ನೆಯನ್ನು ಮುಚ್ಚಿಹಾಕುವುದು ಅನ್ಯಾಯ ಎಂದು ಬರೆಯುತ್ತಿದ್ದೇನೆ.

ಕೋಲಾರಕ್ಕೆ ಬರುವ ನೀರಿಗೆ ಆಗುವ ಎರಡನೇ ಹಂತದ ಸಂಸ್ಕರಣೆ ಏನು ಮಾಡುತ್ತದೆ? ಕೊಳಚೆಗೆ ಗಾಳಿ ಊದಿ, ಸೂಕ್ಷ್ಮಜೀವಿಗಳಿಂದ ಸಾವಯವ ಕೊಳೆಯನ್ನು ತಿನ್ನಿಸಿ, ಕೆಸರನ್ನು ತಳಕ್ಕೆ ಇಳಿಸುತ್ತದೆ. ನೀರು ತಿಳಿಯಾಗುತ್ತದೆ, ವಾಸನೆ ತಗ್ಗುತ್ತದೆ. ಆದರೆ ನೀರಿನಲ್ಲಿ ಕರಗಿ ಕೂತ ನೈಟ್ರೇಟ್, ರಂಜಕ, ಸಾಬೂನು ಪುಡಿಯ ರಾಸಾಯನಿಕ, ನಾವು ನುಂಗಿದ ಔಷಧಿಗಳ ಉಳಿಕೆ, ಎಲ್ಲೋ ಒಂದು ಕಾರ್ಖಾನೆ ಕದ್ದು ಬಿಟ್ಟ ಲೋಹ, ಇವನ್ನೆಲ್ಲ ತೆಗೆಯಲೆಂದು ಆ ಘಟಕವನ್ನು ಕಟ್ಟಿರುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆ ಎಂದರೆ ಬೆಳ್ಳಂದೂರು, ವರ್ತೂರು ಕೆರೆಗಳ ಕಣಿವೆ. ನೊರೆ ಉಕ್ಕಿ ರಸ್ತೆಗೆ ಬಂದದ್ದು, ಕೆರೆಗೇ ಬೆಂಕಿ ಹತ್ತಿದ್ದು ಇಲ್ಲಿಯೇ. ಈ ಕಣಿವೆಯ ನೀರಿನ ಬಗ್ಗೆ ಕೋಲಾರದವರು ಅನುಮಾನಪಟ್ಟರೆ ಅದನ್ನು ಅಭಿವೃದ್ಧಿ ವಿರೋಧ ಎನ್ನುವುದು ಯಾವ ನ್ಯಾಯ?

'ಇದು ಕುಡಿಯುವ ನೀರಲ್ಲ, ಬರೀ ಅಂತರ್ಜಲ ಮರುಪೂರಣಕ್ಕೆ' ಎನ್ನುತ್ತಾರೆ ಅಧಿಕಾರಿಗಳು. ಈ ಮಾತಿಗೆ ನನ್ನ ತಕರಾರು ಎಲ್ಲಕ್ಕಿಂತ ಹೆಚ್ಚು. ಕೋಲಾರದ ಹಳ್ಳಿಗಳು ಇಷ್ಟು ವರ್ಷ ಕುಡಿದದ್ದು ಏನನ್ನು? ಅಂತರ್ಜಲವನ್ನೇ. ಓವರ್‌ಹೆಡ್ ಟ್ಯಾಂಕಿಗೆ ಏರುವುದು ಬೋರಿನ ನೀರು, ಹಸು ಕುಡಿಯುವುದು ಅದೇ ನೀರು, ದೇಶದ ಮಂಡಿಗಳಿಗೆ ಹೋಗುವ ಟೊಮೆಟೊ ಬೆಳೆಯುವುದೂ ಅದೇ ನೀರಿನಲ್ಲಿ. ಕೆರೆಗೆ ಬಿಟ್ಟದ್ದು ಬೋರಿಗೆ ಇಳಿಯಲಿ ಎಂಬುದೇ ಯೋಜನೆಯ ಉದ್ದೇಶವಾಗಿರುವಾಗ, ಇಳಿದ ನೀರನ್ನು ಯಾರೂ ಕುಡಿಯುವುದಿಲ್ಲ ಎಂದು ನಂಬಿಸುವುದು ಹೇಗೆ?

ಮಣ್ಣು ಸೋಸುತ್ತದೆ ಎಂಬ ವಾದವೂ ಇದೆ. ಸ್ವಲ್ಪ ಮಟ್ಟಿಗೆ ಸರಿ. ಮೇಲಿನ ಮಣ್ಣಿನ ಪದರ ರೋಗಾಣುಗಳನ್ನು ಹಿಡಿಯುತ್ತದೆ. ನೈಟ್ರೇಟ್ ಮಾತ್ರ ಹೆಚ್ಚುಕಡಿಮೆ ನೀರು ಹೋದ ಕಡೆಗೆಲ್ಲ ಹೋಗುತ್ತದೆ. ಕೋಲಾರದ ತಳ ಗಟ್ಟಿ ಬಂಡೆ. ನೀರು ಅಲ್ಲಿ ಬಿರುಕುಗಳಲ್ಲಿ ಸಾಗುತ್ತದೆ, ಬಿರುಕು ಏನನ್ನೂ ಸೋಸುವುದಿಲ್ಲ. ಅದೂ ಸಾಲದೆಂದು ಬರಗಾಲದಲ್ಲಿ ಕೆರೆಯಂಗಳದಲ್ಲೇ ಕೊರೆದು ಕೈಬಿಟ್ಟ ಬೋರುಗಳಿವೆ. ಕೆರೆ ತುಂಬಿದಾಗ ಅವು ಮಣ್ಣನ್ನು ದಾಟಿ ನೇರ ಆಳಕ್ಕೆ ಇಳಿಯುವ ಕೊಳವೆಗಳು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ದಾಟಿದರೆ ಮೊದಲು ನರಳುವುದು ಎಳೆಗೂಸುಗಳು. ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡಿಸಿಕೊಂಡ ಜಿಲ್ಲೆಗೆ ಇನ್ನೊಂದು ವಿಷದ ಭಯ ಬೇಡ. ಮಲಿನವಾದ ಕೆರೆಯನ್ನು ಬಸಿದು, ಹೂಳೆತ್ತಿ ಸರಿಪಡಿಸಬಹುದು. ಬಂಡೆಯ ಬಿರುಕಿನಲ್ಲಿ ಕೂತ ನೀರನ್ನು ಹಾಗೆ ತೊಳೆದು ತೆಗೆಯಲಾಗದು.

ದುಡ್ಡಿಲ್ಲ ಎನ್ನಬೇಡಿ. ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಎತ್ತಿ ಸಾಗಿಸಲು ಸಾವಿರದ ಮುನ್ನೂರು ಕೋಟಿ ರೂಪಾಯಿಗೂ ಹೆಚ್ಚು ಸಿಕ್ಕಿತು. ಇದೇ ಬಯಲುಸೀಮೆಯ ಹೆಸರಿನಲ್ಲಿ ಎತ್ತಿನಹೊಳೆ ನೀರಿನ ಯೋಜನೆಯ ಅಂದಾಜು ವೆಚ್ಚ ಇಪ್ಪತ್ತಮೂರು ಸಾವಿರ ಕೋಟಿ ದಾಟಿತು. ತಂತ್ರಜ್ಞಾನ ಇಲ್ಲ ಎನ್ನಲೂ ಆಗದು. ಬೆಂಗಳೂರು ಜಲಮಂಡಳಿಯ ಯಲಹಂಕ ಘಟಕದಲ್ಲಿ ಮೂರನೇ ಹಂತದವರೆಗೆ ಶುದ್ಧೀಕರಿಸಿದ ನೀರು ವಿಮಾನ ನಿಲ್ದಾಣಕ್ಕೆ ಹೋಗಿದೆ. ಕಬ್ಬನ್ ಪಾರ್ಕಿನ ಗಿಡಗಳಿಗೂ ಅಂಥದೇ ನೀರು ಸಿಕ್ಕಿದೆ. ಹುಲ್ಲುಹಾಸಿಗೆ ಬೇಕೆನಿಸಿದ ಶುದ್ಧಿ, ಹಳ್ಳಿಯವರು ಕುಡಿಯುವ ನೀರಿನ ಮೂಲಕ್ಕೆ ಬೇಡವೆನಿಸಿದ್ದು ಯಾಕೆ? ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಎಳೆದು ತಂದು, ಬಳಸಿ, ಉಳಿದದ್ದನ್ನು ಪಕ್ಕದ ಜಿಲ್ಲೆಗೆ ಕಳಿಸುವ ನಗರ, ಅದನ್ನು ಪೂರ್ತಿ ತೊಳೆದು ಕಳಿಸುವ ಖರ್ಚನ್ನೂ ತಾನೇ ಹೊರಬೇಕು.

'ಮೂರನೇ ಹಂತ' ಎಂದು ಕೂಗಿದರಷ್ಟೇ ಸಾಲದು ಎಂದು ಹೋರಾಟಗಾರ ಮಿತ್ರರಿಗೂ ಹೇಳಬೇಕು. ಮರಳಿನಲ್ಲಿ ಸೋಸಿ ಕ್ಲೋರಿನ್ ಹಾಕುವುದನ್ನೂ ಮೂರನೇ ಹಂತ ಎಂದು ತೋರಿಸಿ ಕೈತೊಳೆದುಕೊಳ್ಳಬಹುದು. ಅದರಿಂದ ನೈಟ್ರೇಟ್ ಹೋಗುವುದಿಲ್ಲ. ಯಾವ ವಸ್ತು ಎಷ್ಟಕ್ಕೆ ಇಳಿಯಬೇಕು ಎಂದು ಸರ್ಕಾರ ಬರೆದು ಕೊಡಲಿ. ಕೆರೆಯ ನೀರನ್ನೂ ಸುತ್ತಲಿನ ಬೋರುಗಳ ನೀರನ್ನೂ ಪ್ರತಿ ತಿಂಗಳು, ಯೋಜನೆ ನಡೆಸುವ ಇಲಾಖೆಯ ಹೊರಗಿನವರು ಪರೀಕ್ಷಿಸಲಿ. ಫಲಿತಾಂಶ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ. ಕೆರೆಯಂಗಳದ ಪಾಳು ಬೋರುಗಳನ್ನು ಮೊದಲು ಮುಚ್ಚಲಿ, ಅದಕ್ಕೆ ಯಾವ ತಂತ್ರಜ್ಞಾನವೂ ಬೇಡ.

ಇದು ಕೋಲಾರದವರ ಪಾಡು ಎಂದು ಉಳಿದವರು ಸುಮ್ಮನಿರುವಂತಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರ ಮುಟ್ಟಿದೆ. ಪೀಣ್ಯದ ಕಾರ್ಖಾನೆಗಳ ಬದಿಯಿಂದ ಹರಿದು ಬರುವ ವೃಷಭಾವತಿಯ ನೀರನ್ನು ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಯ ಕೆರೆಗಳಿಗೆ ತುಂಬಿಸುವ ಯೋಜನೆಯೂ ಕೈಯಲ್ಲಿದೆ. ಆ ಕೆರೆಗಳ ಅಚ್ಚುಕಟ್ಟಿನ ಊರುಗಳವರು, ಆ ಭಾಗದ ಶಾಸಕರು, ಪೈಪಿನಲ್ಲಿ ನೀರು ಬರುವ ಮೊದಲೇ ಲಿಖಿತ ಮಾನದಂಡ ಕೇಳಲಿ.