ಲಸಿಕೆಯ ದಿನವೇ ಕೂಸಿನ ಕಣ್ಣು ನೋಡಿ

ಎರಡು ತಿಂಗಳ ಕೂಸಿನ ಕಣ್ಣು ದೊಡ್ಡದಾಗಿದ್ದರೆ ನಮ್ಮ ಸೀಮೆಯಲ್ಲಿ ಚೆಂದವೆಂದು ಹೊಗಳಿ ದೃಷ್ಟಿಬೊಟ್ಟು ಇಡುತ್ತಾರೆ. ಆ ಕೂಸು ಬೆಳಕು ಕಂಡರೆ ಕಣ್ಣು ಬಿಗಿದುಕೊಳ್ಳುತ್ತಿದ್ದರೆ, ಸದಾ ನೀರು ಸುರಿಯುತ್ತಿದ್ದರೆ, ಕರಿಗುಡ್ಡೆಯ ಮೇಲೆ ಮಂಜು ಕವಿದಂತಿದ್ದರೆ, ಅದು ಹುಟ್ಟಿನಿಂದಲೇ ಬಂದ ಗ್ಲಾಕೋಮಾ ಇದ್ದೀತು. ಕಣ್ಣೊಳಗಿನ ನೀರು ಹೊರಹೋಗುವ ದಾರಿ ಸರಿಯಾಗಿ ಬೆಳೆದಿರುವುದಿಲ್ಲ. ಒತ್ತಡ ಏರಿ ಎಳೆಗಣ್ಣು ಹಿಗ್ಗುತ್ತದೆ, ಕಾರ್ನಿಯಾ ನೀರು ಹೀರಿ ಬೆಳ್ಳಗಾಗುತ್ತದೆ, ಹಿಂದಿನ ನರ ಸಾಯುತ್ತ ಹೋಗುತ್ತದೆ. ಊರಿನವರು ಆಗ ‘ಹೂ ಬಿದ್ದಿದೆ’ ಎನ್ನುತ್ತಾರೆ. ಅಜ್ಜಿಯ ಪೊರೆಯನ್ನು ಮುಂದಿನ ವರ್ಷ ತೆಗೆಸಿದರೂ ನೋಟ ಬರುತ್ತದೆ. ಸತ್ತ ನರ ಮರಳುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಲಸಿಕೆಯ ದಿನವೇ ಪ್ರತಿ ಕೂಸಿನ ಕಣ್ಣು ನೋಡಬೇಕು, ಸಂಶಯ ಬಂದರೆ ಅದೇ ವಾರ ಮೈಸೂರಿಗೆ ಕಳಿಸಬೇಕು ಎಂದು ನಾನು ಒತ್ತಾಯಿಸುವುದು ಅದಕ್ಕೇ.

ನೇತ್ರ ಶಿಬಿರಗಳಿವೆಯಲ್ಲ ಎನ್ನುವವರಿದ್ದಾರೆ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಪೊರೆ ತೆಗೆದ ಕರ್ನಾಟಕದಲ್ಲಿ ಶಿಬಿರದ ಮೇಲೆ ಜನರಿಗಿರುವ ನಂಬಿಕೆ ಸಹಜವಾದದ್ದೇ. ಆದರೆ ಪೊರೆಗೆ ಕಣ್ಣಷ್ಟೇ ಮರಗಟ್ಟಿಸಿದರೆ ಸಾಕು. ಕೂಸಿನ ಕಣ್ಣೊತ್ತಡ ಸರಿಯಾಗಿ ಅಳೆಯುವುದಕ್ಕೂ ಹಲವು ಸಲ ಪೂರ್ತಿ ಅರಿವಳಿಕೆ ಬೇಕು. ಅಮೆರಿಕದ ಒಟ್ಟೋ ಬಾರ್ಕನ್ 1930ರ ದಶಕದಲ್ಲಿ ರೂಢಿಗೆ ತಂದ ಗೋನಿಯಾಟಮಿಯಲ್ಲಿ ಕಾರ್ನಿಯಾದ ಮೂಲಕ ಒಳಗೆ ನೋಡುತ್ತಲೇ ದಾರಿ ಬಿಡಿಸಬೇಕು. ತಡವಾಗಿ ಬರುವ ನಮ್ಮ ಮಕ್ಕಳ ಕಾರ್ನಿಯಾ ಅಷ್ಟರಲ್ಲಿ ಮಸುಕಾಗಿರುತ್ತದೆ. ಹೊರಗಿನಿಂದಲೇ ದಾರಿ ತೆರೆಯುವ ಟ್ರಾಬೆಕ್ಯುಲಾಟಮಿ, ಅದರೊಂದಿಗೆ ಟ್ರಾಬೆಕ್ಯುಲೆಕ್ಟಮಿ ಮಾಡುವುದು ಇಲ್ಲಿ ಹೆಚ್ಚಾಗಿರುವುದು ಅದರಿಂದಲೇ. ಬೇಗ ಮಾಡಿದರೆ, ಒತ್ತಡ ಇಳಿದಂತೆ ಎಷ್ಟೋ ಮಕ್ಕಳ ಕಾರ್ನಿಯಾ ತಾನೇ ತಿಳಿಯಾಗುತ್ತದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ನೋಟ ಬಂದ ಮೇಲೆ ನೇತ್ರದಾನದ ಉತ್ಸಾಹ ಹೆಚ್ಚಿತು. ಅದು ಇನ್ನೂ ಹೆಚ್ಚಲಿ. ಆದರೂ ಕೂಸಿಗೆ ಕಾರ್ನಿಯಾ ಕಸಿ ಕಡೆಯ ದಾರಿ. ಎಳೆಯ ದೇಹ ಕಸಿಯನ್ನು ಬೇಗ ತಿರಸ್ಕರಿಸುತ್ತದೆ, ಹೊಲಿಗೆ ಬೇಗ ಸಡಿಲವಾಗುತ್ತದೆ, ಒತ್ತಡ ಹಿಡಿತಕ್ಕೆ ಬಾರದಿದ್ದರೆ ಕಸಿಯೂ ಕೆಡುತ್ತದೆ.

ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಹೊರೆ ಹೆಚ್ಚು ಎಂಬ ಆಕ್ಷೇಪ ನಿಜ. ಆದರೆ ಕೂಸು 6, 10, 14ನೇ ವಾರ ಲಸಿಕೆಗೆ ಬಂದೇ ಬರುತ್ತದೆ. ಟಾರ್ಚ್ ಹಿಡಿದು ನೋಡಲು ನರ್ಸಿಗೆ ಒಂದು ನಿಮಿಷ ಸಾಕು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜನ್ಮದೋಷಗಳ ಪಟ್ಟಿಯಲ್ಲಿ ಹುಟ್ಟುಪೊರೆಯಿದೆ, ಗ್ಲಾಕೋಮಾದ ಹೆಸರಿಲ್ಲ. ಮೊದಲು ಅದನ್ನು ಸೇರಿಸಲಿ. ಇನ್ನೂ ಕಠಿಣವಾದ ಪ್ರಶ್ನೆ ಆಮೇಲಿನದು. ಶಸ್ತ್ರಚಿಕಿತ್ಸೆಯಾದರೂ ಒತ್ತಡವನ್ನು ಜೀವನಪೂರ್ತಿ ನೋಡಿಸುತ್ತಿರಬೇಕು, ಕನ್ನಡಕ ಹಾಕಿಸಬೇಕು, ಮಂದವಾದ ಕಣ್ಣನ್ನು ಪಟ್ಟಿ ಕಟ್ಟಿ ಪಳಗಿಸಬೇಕು. ಹೊಗೆಸೊಪ್ಪಿನ ಬ್ಯಾರನ್ ಉರಿಯುವ ದಿನಗಳಲ್ಲಿ ಪಿರಿಯಾಪಟ್ಟಣದ ಕೂಲಿಯವರು, ಕೊಡಗಿನ ಕಾಫಿತೋಟಕ್ಕೆ ಹೋದ ಕೋಟೆಯ ಹಾಡಿಯವರು ಮೈಸೂರಿಗೆ ಬರುವುದು ಹೇಗೆ? ಬಸ್ ಚಾರ್ಜೂ ಅಂದಿನ ಕೂಲಿಯೂ ಚಿಕಿತ್ಸೆಯ ಭಾಗವೇ ಆಗಬೇಕು; ಕ್ಷಯರೋಗಿಗಳ ಆಹಾರಕ್ಕೆ ಸರ್ಕಾರ 2018ರಿಂದ ಹಣ ಕೊಡುತ್ತಿಲ್ಲವೇ? ಇಷ್ಟಾದರೂ ಪೂರ್ತಿ ನೋಟ ಬಾರದಿರಬಹುದು. ಅಂಗನವಾಡಿಯ ದಾರಿ ತಾನೇ ಕಂಡುಕೊಳ್ಳುವಷ್ಟು, ದೊಡ್ಡಕ್ಷರ ಓದುವಷ್ಟು ಬಂದರೂ ಆ ಮಗುವಿನ ಬದುಕೇ ಬೇರೆಯಾಗುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಹತ್ತು ಸಾವಿರ ಹೆರಿಗೆಗೆ ಒಂದೋ ಇನ್ನೂ ಅಪರೂಪವೋ ಆದ ಈ ಕಾಯಿಲೆ, ನೆರೆಯ ಆಂಧ್ರದ ಅಧ್ಯಯನದಲ್ಲಿ 3,300ಕ್ಕೆ ಒಂದರಂತೆ ಕಂಡಿತು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲೂ ಇದೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದಿದ್ದರೆ ಮುಂದಿನ ಪ್ರತಿ ಕೂಸಿಗೂ ನಾಲ್ಕರಲ್ಲೊಂದು ಪಾಲು ಅಪಾಯವಿರುತ್ತದೆ. ಅಂಥ ಮನೆಯ ಮುಂದಿನ ಹೆರಿಗೆ ಯಾವ ತಿಂಗಳು, ಯಾವ ಆಸ್ಪತ್ರೆಯಲ್ಲಿ ಎಂಬುದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮೊದಲೇ ಬರೆದಿರುತ್ತದೆ.