ಓಟಗಾರನಿಗೆ ನಗರವೇಕೆ?

ದೇವದುರ್ಗ, ಮಾನ್ವಿಗಳ ತರುಣರಿಗೆ ಕಾಲ್ಬಲವು ಹೊಲದಲ್ಲಿಯೇ ಲಭಿಸುವುದು. ದೀರ್ಘದೂರದ ಓಟಕ್ಕೆ ಅಷ್ಟೇ ಸಾಲದು. ರಾಯಚೂರಿನ ಬೇಸಗೆಯಲ್ಲಿ ಮೈಯನ್ನು ತಣಿಸಲು ರಕ್ತದ ಒಂದು ಪಾಲು ಚರ್ಮದತ್ತ ಹರಿಯುವುದರಿಂದ ಓಟಗಾರನು ಬೇಗ ದಣಿಯುವನು. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಾದರೋ ಹವೆಯು ಹಿತಕರ. ಕಬ್ಬನ್ ಉದ್ಯಾನದಲ್ಲಿ ನೆರಳುಂಟು, ಕಂಠೀರವ ಕ್ರೀಡಾಂಗಣದಲ್ಲಿ ಅಳತೆಯ ಪಥವುಂಟು, 2008ರಲ್ಲಿ ಆರಂಭವಾದ 10 ಕಿಲೋಮೀಟರಿನ ಸ್ಪರ್ಧೆಯುಂಟು.

ಎಲ್ಲಕ್ಕಿಂತ ಮಿಗಿಲಾದುದು ಸಮಬಲರ ಸಹವಾಸ. ಬಲವು ಬೆಳಕಿಗೆ ಬರುವುದು ಅವರೊಡನೆ ಓಡಿದಾಗಲೇ. 1920ರ ಆಂಟ್ವರ್ಪ್ ಒಲಿಂಪಿಕ್ ಮ್ಯಾರಥಾನಿನಲ್ಲಿ 19ನೆಯವರಾದ ಬೆಳಗಾವಿಯ ಫಡೆಪ್ಪ ಚೌಗುಲೆಯವರನ್ನು ಗುರುತಿಸಿದುದು ಪುಣೆ ನಗರದ ಸ್ಪರ್ಧೆಯೇ.

ಆದುದರಿಂದ ಗೃಹಸ್ಥರೇ, ಮಗನಾಗಲಿ ಮಗಳಾಗಲಿ ಓಟಕ್ಕಾಗಿ ನಗರಕ್ಕೆ ಹೊರಟರೆ ಜರೆಯದಿರಿ. ದಾರಿಖರ್ಚಿನೊಡನೆ ರೊಟ್ಟಿಯ ಬುತ್ತಿಯನ್ನೂ ಕಟ್ಟಿಕೊಡಿ.