ಹತ್ತು ಶಾಖೆಗಳ ಕಾನೂನು, ಒಂದು ಶಾಖೆಯ ಊಟ

ಅಲರ್ಜಿ ಇರುವವರಿಗೆ ಒಗ್ಗುವ ಹೋಟೆಲ್‌ಗಳನ್ನು ಹುಡುಕಿಕೊಡುವ ಆ್ಯಪ್ ಒಂದಿದ್ದರೆ ಸಾಕು, ಉಳಿದದ್ದನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ, ಸರ್ಕಾರ ಮೂಗು ತೂರಿಸುವುದು ಬೇಡ ಎಂದು ವಾದಿಸುವವರಿದ್ದಾರೆ. ಈಗಿನ ನಿಯಮ ಹೀಗೇ ಇರುವ ತನಕ ಆ ಆ್ಯಪ್ ದೆಹಲಿಯ ಮಯೂರ್ ವಿಹಾರ್‌ನಂಥ ಬಡಾವಣೆಯಲ್ಲಿ ಪಿಜ್ಜಾ, ಬರ್ಗರ್ ಕಂಪನಿಗಳ ಜಾಹೀರಾತು ಫಲಕವಾದೀತೇ ಹೊರತು ಯಾರಿಗೂ ಊಟದ ದಾರಿ ತೋರಿಸಲಾರದು. ಅದಕ್ಕೆ ಕಾರಣ ಒಂದು ಅಂಕಿ: 10.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಾವಳಿ ಹೋಟೆಲ್‌ಗಳ ಮಟ್ಟಿಗೆ 2022ರ ಜುಲೈ 1ರಿಂದ ಜಾರಿಗೆ ಬಂತು. ಕೇಂದ್ರ ಪರವಾನಗಿ ಪಡೆದವರು ಇಲ್ಲವೇ 10 ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವವರು ಮಾತ್ರ ಮೆನುವಿನಲ್ಲಿ ಕ್ಯಾಲೊರಿ ಲೆಕ್ಕವನ್ನೂ ಅಲರ್ಜಿ ತರುವ ಪದಾರ್ಥಗಳನ್ನೂ ನಮೂದಿಸಬೇಕು. ಅಂದು ಟಿ.ವಿ. ಚರ್ಚೆಗಳೆಲ್ಲ ಕ್ಯಾಲೊರಿಯ ಸುತ್ತಲೇ ಗಿರಕಿ ಹೊಡೆದವು. ಶಾಖೆಗಳ ಸಂಖ್ಯೆಯನ್ನು ಯಾರೂ ಕೆದಕಲಿಲ್ಲ.

ಮಯೂರ್ ವಿಹಾರ್ ಮೊದಲ ಹಂತದ ಆಚಾರ್ಯ ನಿಕೇತನ ಮಾರುಕಟ್ಟೆಗೆ ಸಂಜೆ ಏಳರ ಹೊತ್ತಿಗೆ ಹೋಗಿ ನೋಡಿ. ಛೋಲೆ ಭಟೂರೆ, ಮೊಮೊ, ಟಿಕ್ಕಿ, ದೋಸೆ. ಜನ ಮುತ್ತಿಕೊಂಡಿರುವ ಕಡೆಯೆಲ್ಲ ಇರುವುದು ಒಂದೇ ಒಂದು ಅಂಗಡಿ, ಹೆಚ್ಚೆಂದರೆ ಎರಡನೆಯದು ಪಕ್ಕದ ನೋಯ್ಡಾದಲ್ಲಿ. ಅಲರ್ಜಿ ತರುವ ಪದಾರ್ಥಗಳನ್ನು ಮೆನುವಿನಲ್ಲಿ ಬರೆಯಿರಿ ಎಂದು ಕಾನೂನು ಇವರನ್ನು ಕೇಳುವುದಿಲ್ಲ. ಹಾಗಾಗಿ ಆ್ಯಪ್ ಮಾಡುವವರ ಕೈಗೆ ಸಿಗುವ ಅಧಿಕೃತ ಮಾಹಿತಿ ಯಾರದು? ಮಾಲ್‌ನೊಳಗಿನ ಸರಣಿ ಹೋಟೆಲ್‌ಗಳದು. ಅವರನ್ನು ಹಸಿರಲ್ಲಿ ತೋರಿಸಿ, ಉಳಿದವರನ್ನು ಬೂದುಬಣ್ಣದಲ್ಲಿ ಮುಳುಗಿಸಿದ ನಕ್ಷೆಗೆ ‘ಅಲರ್ಜಿ ಸ್ನೇಹಿ’ ಎಂದು ಹೆಸರಿಡಬಹುದು. ಆ ನಕ್ಷೆ ಹಿಡಿದು ಹೊರಟವರಿಗೆ ದಿನವೂ ಪಿಜ್ಜಾ.

ಸಣ್ಣವರಿಗೆ ವಿನಾಯಿತಿ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನಲ್ಲಿದೆ. 2014ರ ಜನವರಿಯಲ್ಲಿ ಈಸಿಂಗ್‌ವೋಲ್ಡ್ ಎಂಬ ಪುಟ್ಟ ಊರಿನ ಭಾರತೀಯ ಶೈಲಿಯ ಹೋಟೆಲ್‌ನಿಂದ 38 ವರ್ಷದ ಗ್ರಾಹಕರೊಬ್ಬರು ಚಿಕನ್ ಟಿಕ್ಕಾ ಮಸಾಲ ಕಟ್ಟಿಸಿಕೊಂಡು ಹೋದರು. ಶೇಂಗಾ ತಮಗೆ ಆಗುವುದಿಲ್ಲವೆಂದು ಗೊತ್ತಿದ್ದವರು, ಬೀಜಗಳೇ ಬೇಡ ಎಂದು ಹೇಳಿಯೇ ಆರ್ಡರ್ ಮಾಡಿದ್ದರು. ಹೋಟೆಲ್‌ನವರು ಅದನ್ನು ಕಟ್ಟಿಕೊಟ್ಟ ಡಬ್ಬಿಯ ಮುಚ್ಚಳದ ಮೇಲೂ ಬರೆದಿದ್ದರು. ಆ ಊಟ ಅವರ ಪ್ರಾಣ ತೆಗೆಯಿತು. ಮಾಲೀಕ ಖರ್ಚು ಉಳಿಸಲು ಬಾದಾಮಿ ಪುಡಿಯ ಬದಲು ಶೇಂಗಾ ಬೆರೆತ ಅಗ್ಗದ ಪುಡಿ ತರಿಸುತ್ತಿದ್ದ. 2016ರಲ್ಲಿ ನ್ಯಾಯಾಲಯ ಅವನಿಗೆ ಆರು ವರ್ಷ ಜೈಲು ವಿಧಿಸಿತು.

ಆ ಮನುಷ್ಯ ನಡೆಸುತ್ತಿದ್ದದ್ದು ಆರು ಹೋಟೆಲ್. ನಮ್ಮ 10ರ ಗೆರೆಯನ್ನು ಅಲ್ಲಿ ಎಳೆದಿದ್ದರೆ ಮೆನುವಿನಲ್ಲಿ ಒಂದಕ್ಷರ ಬರೆಯುವ ಹಂಗೂ ಅವನಿಗಿರುತ್ತಿರಲಿಲ್ಲ.

ಇದರಲ್ಲಿ ಆ್ಯಪ್ ರೂಪಿಸುವವರಿಗೂ ಪಾಠವಿದೆ. ಅಲ್ಲಿ ಗ್ರಾಹಕ ಹೇಳಿದ್ದ, ಕೌಂಟರಿನಲ್ಲಿದ್ದವರು ಕೇಳಿಸಿಕೊಂಡಿದ್ದರು, ಡಬ್ಬಿಯ ಮೇಲೂ ಬರೆದಾಗಿತ್ತು. ಎಡವಟ್ಟಾದದ್ದು ಉಗ್ರಾಣದಲ್ಲಿ, ಪುಡಿಯ ಚೀಲ ಬದಲಾದ ದಿನ. ನಮ್ಮಲ್ಲೂ ಗ್ರೇವಿಗೆ ಗೋಡಂಬಿ ದುಬಾರಿಯಾದಾಗ ಶೇಂಗಾ ಅಥವಾ ಕರಬೂಜದ ಬೀಜ ಅರೆದು ಹಾಕುವುದು ಅಡುಗೆಮನೆಯ ಮಾಮೂಲಿ ಲೆಕ್ಕಾಚಾರ. ಹಾಲಿನ ಪನೀರ್ ಜಾಗಕ್ಕೆ ಸಸ್ಯಜನ್ಯ ಎಣ್ಣೆಯ ‘ಪನೀರ್’ ಬಂದಿದ್ದೂ ಹೀಗೆಯೇ. ಮೆನು ಬದಲಾಗುವುದಿಲ್ಲ, ಬಿಲ್ ಬದಲಾಗುತ್ತದೆ. ಮೂರು ವರ್ಷ ಹಿಂದೆ ಯಾರೋ ಕೊಟ್ಟ ಐದು ಸ್ಟಾರು ಇಂದಿನ ಚೀಲದ ಬಗ್ಗೆ ಏನು ಹೇಳೀತು? ರುಚಿಗೆ ಸ್ಟಾರ್ ಕೊಡಿ, ಬೇಡ ಅನ್ನುವವರಿಲ್ಲ. ಅಲರ್ಜಿಯ ವಿಷಯದಲ್ಲಿ ನೂರು ಜನ ಉಂಡು ಸುಖವಾಗಿದ್ದದ್ದು ನೂರಾ ಒಂದನೆಯವನಿಗೆ ಸಾಕ್ಷ್ಯವೇ ಅಲ್ಲ.

ದೆಹಲಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಶಾಸ್ತ್ರೀಯವಾಗಿ ಅಲರ್ಜಿಯಲ್ಲ, ಒಪ್ಪೋಣ. ಹೋಟೆಲ್ ಹುಡುಕುವವರಿಗೆ ಆ ವ್ಯತ್ಯಾಸದಿಂದ ಏನೂ ಸಿಗುವುದಿಲ್ಲ. ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಸಮುದಾಯ ಅಧ್ಯಯನದ ಪ್ರಕಾರ ಇದು 96 ಜನರಲ್ಲಿ ಒಬ್ಬರಿಗಿದೆ. 2016ರಲ್ಲಿ ಬಂದ ಮತ್ತೊಂದು ಅಧ್ಯಯನ ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಎಂದಿತು. ಹನ್ನೆರಡು ಪಟ್ಟು ಅಂತರ! ಕಾಯಿಲೆ ಪತ್ತೆಯಾದ ದೆಹಲಿಯವರಿಗೆ ಸಿಗುವ ಮೊದಲ ಸಲಹೆ ‘ಸೌತ್ ಇಂಡಿಯನ್ ತಿನ್ನಿ, ಅಕ್ಕಿ ಅಲ್ವಾ’ ಎಂಬುದು. ಉತ್ತರ ಗುರುವಾಯೂರಪ್ಪನ್ ದೇವಸ್ಥಾನವಿರುವ ಮಯೂರ್ ವಿಹಾರ್‌ನಲ್ಲಿ ದಕ್ಷಿಣದ ತಿಂಡಿಗೇನೂ ಬರವಿಲ್ಲ. ಆದರೆ ಅಡುಗೆ ಮಾಡುವವರು ಬಂದ ಊರಿನಲ್ಲಿ ಈ ಕಾಯಿಲೆಯ ಹೆಸರನ್ನೂ ಕೇಳಿರುವುದಿಲ್ಲ. ಸಾಂಬಾರಿಗೆ ಬೀಳುವ ಕೂಟು ಇಂಗಿನಲ್ಲಿ ಎಷ್ಟೋ ಸಲ ಮೈದಾ ಇರುತ್ತದೆ. ರವೆ ದೋಸೆ ಎರೆದ ಕಾವಲಿಯ ಮೇಲೇ ಸಾದಾ ದೋಸೆಯನ್ನೂ ಎರೆಯುತ್ತಾರೆ. ‘ಗೋಧಿ ಇದೆಯೇ’ ಎಂದು ಕೇಳಿದರೆ ‘ಇಲ್ಲ ಸಾರ್, ಅಕ್ಕಿ, ಉದ್ದು ಅಷ್ಟೆ’ ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ. ಅದರಲ್ಲಿ ಮೋಸವಿಲ್ಲ. ಕೇಳಿದ ಪ್ರಶ್ನೆಯೇ ತಪ್ಪು. ‘ಇಂಗಿನ ಡಬ್ಬಿ ತೋರಿಸಿ’ ಎಂದು ಕೇಳಬೇಕಿತ್ತು.

ಆ ಉದ್ದಿನ ಕಥೆಯೂ ಬೇರೆಯೇ ಇದೆ. ದೆಹಲಿಯ ಸಂಶೋಧಕರು ಆಸ್ತಮಾ ರೋಗಿಗಳಲ್ಲಿ ಉದ್ದಿಗೆ ಅಲರ್ಜಿಯ ಪ್ರತಿಕ್ರಿಯೆ ಕಂಡದ್ದನ್ನು 2006ರಲ್ಲೇ ಪ್ರಕಟಿಸಿದ್ದಾರೆ. ಮೈಸೂರಿನಲ್ಲಿ ಬದನೆಕಾಯಿಯ ಬಗ್ಗೆ ಅಧ್ಯಯನ ನಡೆದಿದೆ. ಎಫ್‌ಎಸ್‌ಎಸ್‌ಎಐನ ಎಂಟು ಗುಂಪುಗಳ ಅಲರ್ಜಿ ಪಟ್ಟಿಯಲ್ಲಿ ಉದ್ದೂ ಇಲ್ಲ, ಕಡಲೆಯೂ ಇಲ್ಲ, ಬದನೆಯೂ ಇಲ್ಲ. ಐರೋಪ್ಯ ಪಟ್ಟಿಯಲ್ಲಿರುವ ಸಾಸಿವೆ, ಎಳ್ಳು ಕೂಡ ಇಲ್ಲ. ಆ ಎಂಟು ಗುಂಪುಗಳನ್ನೇ ಆ್ಯಪ್‌ಗೆ ನಕಲು ಮಾಡಿದರೆ ದೋಸೆಯ ಬಗ್ಗೆ ಅದು ಮೌನ ತಾಳುತ್ತದೆ.

ಇನ್ನೊಂದು ಬದಿಯ ವಾದವೂ ಗಟ್ಟಿಯಾಗಿದೆ. ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 26.5ರಷ್ಟು ಜನರ ಪರೀಕ್ಷೆಯಲ್ಲಿ ಯಾವುದೋ ಒಂದು ಆಹಾರಕ್ಕೆ ಪ್ರತಿಕ್ರಿಯೆಯ ಗುರುತು ಸಿಕ್ಕಿತು. ನಿಜವಾದ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಲ್ಯಾಬ್ ವರದಿ ಹಿಡಿದುಕೊಂಡು ಕಾಲುಭಾಗದ ಗ್ರಾಹಕರು ‘ನನಗೆ ಅಲರ್ಜಿ’ ಎನ್ನತೊಡಗಿದರೆ ಭಟ್ಟರು ಯಾರನ್ನೂ ನಂಬುವುದಿಲ್ಲ, ಆ 1.2ರವರನ್ನೂ. ಅಂಚೆಪೆಟ್ಟಿಗೆಯಂತೆ ಬಾಯಿ ತೆರೆದು ಕೂತ ‘ನಿಮ್ಮ ಅಲರ್ಜಿ ಆಯ್ಕೆ ಮಾಡಿ’ ಪರದೆ ಈ ಅಪಾಯವನ್ನು ಹೆಚ್ಚಿಸುತ್ತದೆ.

ಕಾನೂನು ಮಾಡಿದರೂ ಜಾಣತನ ಬೇಕು. ಅಮೆರಿಕ 2023ರ ಜನವರಿಯಿಂದ ಎಳ್ಳನ್ನು ಕಡ್ಡಾಯ ಪಟ್ಟಿಗೆ ಸೇರಿಸಿತು. ಕೆಲವು ಬೇಕರಿಗಳು ಯಂತ್ರ ತೊಳೆಯುವ ತಾಪತ್ರಯ ಬೇಡವೆಂದು ಎಳ್ಳಿಲ್ಲದ ಬ್ರೆಡ್‌ಗೂ ಎಳ್ಳಿನ ಹಿಟ್ಟು ಸೇರಿಸಿ, ‘ಎಳ್ಳು ಇದೆ’ ಎಂದು ಬರೆದು ಕೈತೊಳೆದುಕೊಂಡವು. ಆಚಾರ್ಯ ನಿಕೇತನದ ಅಂಗಡಿಯವನಿಗೆ ದಂಡದ ಹೆದರಿಕೆ ಹುಟ್ಟಿಸಿದರೆ ಅವನೂ ಎಂಟೂ ಗುಂಪುಗಳಿಗೆ ಟಿಕ್ ಹಾಕಿ ಗೋಡೆಗೆ ಅಂಟಿಸುತ್ತಾನೆ. ಆದ್ದರಿಂದ ‘ಗೊತ್ತಿಲ್ಲ’ ಎಂದು ಹೇಳುವ ಹಕ್ಕು ಅವನಿಗಿರಬೇಕು. ‘ಪೂರ್ತಿ ಸುರಕ್ಷಿತ’ ಎಂಬ ಮುದ್ರೆ ಯಾರಿಗೂ ಸಿಗಬಾರದು.

ಹಾಗಾದರೆ ಆ್ಯಪ್ ಕೇಳಬೇಕಾದದ್ದು ಸರಳ. ಯಾವ ಇಂಗು, ಯಾವ ಎಣ್ಣೆ, ಗ್ರೇವಿಗೆ ಏನು ಅರೆಯುತ್ತೀರಿ, ಪನೀರ್ ಎಲ್ಲಿಂದ, ಕರಿಯುವ ಬಾಣಲೆ ಎಷ್ಟು. ಉತ್ತರದ ಪಕ್ಕದಲ್ಲಿ ದಿನಾಂಕ. ತಿಂಗಳು ಕಳೆದರೆ ಉತ್ತರ ತಾನಾಗಿ ಅಳಿಸಿಹೋಗಬೇಕು. ಹಿಂದಿ ಓದಲು ಕಷ್ಟವಾದ ಅಡುಗೆಯವರಿಗೆ ಚಿತ್ರ, ಧ್ವನಿ ಇರಲಿ. ಹೋಟೆಲ್‌ನಿಂದ ಹಣ ಪಡೆದು ಮೇಲಿನ ಸಾಲಿನಲ್ಲಿ ತೋರಿಸುವ ವ್ಯಾಪಾರವಾದರೆ ಈ ಮಾತೆಲ್ಲ ವ್ಯರ್ಥ.

ಇದಕ್ಕೆ ಹೊಸ ಗೋಡೆಯೂ ಬೇಕಿಲ್ಲ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನ ಕ್ಯುಆರ್ ಕೋಡ್ ಅಂಟಿಸಿ ಎಂದು ಎಫ್‌ಎಸ್‌ಎಸ್‌ಎಐ 2025ರಲ್ಲಿ ಎಲ್ಲ ಹೋಟೆಲ್‌ಗಳಿಗೂ ಹೇಳಿತು. ಅದನ್ನು ಸ್ಕ್ಯಾನ್ ಮಾಡಿದರೆ ದೂರು ಕೊಡಬಹುದು, ಅಂದರೆ ಉಂಡು ಕೆಟ್ಟ ಮೇಲೆ. ಉಣ್ಣುವ ಮುಂಚೆ ಇಂಗಿನ ಹೆಸರನ್ನೂ ಅದೇ ಕೋಡ್ ತೋರಿಸಲು ಏನಡ್ಡಿ? ಕಾಂವಡ್ ಯಾತ್ರೆಯ ದಾರಿಯಲ್ಲಿ ಅಂಗಡಿ ಮಾಲೀಕರ ಹೆಸರು ಬರೆಸಲು ಉತ್ತರಪ್ರದೇಶ ತೋರಿದ ಹುರುಪನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತಡೆಯಿತು, ಯಾವ ಬಗೆಯ ಆಹಾರ ಎಂಬುದನ್ನು ಬರೆದರೆ ಸಾಕೆಂದಿತು. ಸರ್ಕಾರಗಳು ಎತ್ತಿಕೊಳ್ಳಬೇಕಾದ ಸಾಲು ಅದು.

ಕೊನೆಯದಾಗಿ, ಆ್ಯಪ್ ಹೋಟೆಲ್ ಹೆಸರಿನ ಮೇಲೆ ನಿಲ್ಲಬಾರದು. ಮನೆಗೆ ತರಿಸಿಕೊಳ್ಳುವ ಊಟದಲ್ಲಿ ಒಂದೇ ಅಡುಗೆಮನೆ ಬೇರೆಬೇರೆ ಹೆಸರು ಹೊತ್ತು ಪರದೆಯ ಮೇಲೆ ಬರುತ್ತದೆ. ಒಂದು ಹೆಸರಿನಲ್ಲಿ ಬರೀ ಅನ್ನ, ಇನ್ನೊಂದರಲ್ಲಿ ಶೇಂಗಾ ಚಟ್ನಿ, ಬಾಣಲೆ ಮಾತ್ರ ಒಂದೇ. ಬಿಲ್ಲಿನ ಮೇಲಿರುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡರೆ ಆ ಗುಟ್ಟು ಬಯಲಾಗುತ್ತದೆ. ಅದಕ್ಕೆ ಯಾವ ತಿದ್ದುಪಡಿಯೂ ಬೇಡ, ನಾಳೆಯೇ ಮಾಡಬಹುದು. 2020ರ ನಿಯಮದಲ್ಲಿರುವ 10 ಅನ್ನು 1 ಮಾಡುವುದಕ್ಕೆ ಮಾತ್ರ ಎಫ್‌ಎಸ್‌ಎಸ್‌ಎಐ ಪೆನ್ನು ಹಿಡಿಯಬೇಕು.